ಬೆನ್ನು ತಿರುಗಿಸಿ ಕೇಳಿದವರು

ದಾಂಪತ್ಯ ಮತ್ತು ಕುಟುಂಬ ಆಪ್ತಸಲಹೆಯ ಕ್ಷೇತ್ರಕ್ಕೆ ಜನ ನಾನಾ ದಾರಿಗಳಿಂದ ಬಂದು ಸೇರುತ್ತಾರೆ. ಮನಶ್ಶಾಸ್ತ್ರವನ್ನೇ ಓದಿ ನೆಟ್ಟಗೆ ಬಂದವರಿದ್ದಾರೆ. ವಿಚ್ಛೇದನ ಕೊಡಿಸಿ ಕೊಡಿಸಿ ಬೇಸತ್ತು, ಇನ್ನಾದರೂ ಒಂದೆರಡು ಮನೆ ಉಳಿಸೋಣವೆಂದು ಕರಿಕೋಟು ಕಳಚಿಟ್ಟು ಬಂದ ವಕೀಲರಿದ್ದಾರೆ. ರೋಗಿಯ ಮಂಚದ ಸುತ್ತ ನೆರೆದ ಬಂಧುಗಳೇ ರೋಗಿಗಿಂತ ನೋಯುತ್ತಿದ್ದಾರೆಂದು ಕಂಡುಕೊಂಡು ವಾರ್ಡಿನಿಂದ ಬಂದ ನರ್ಸುಗಳೂ ಇದ್ದಾರೆ. ಆದರೆ ದೂರಪ್ರಯಾಣದ ಬಸ್ಸಿನ ಸ್ಟಿಯರಿಂಗ್ ಬಿಟ್ಟು ಬಂದವರು, ನಮಗೆ ತಿಳಿದ ಮಟ್ಟಿಗೆ, ಒಬ್ಬರೇ. ಈಗ ಸೇವೆಯಿಂದ ನಿವೃತ್ತರಾಗುತ್ತಿರುವ, ನಮ್ಮ ಆಪ್ತಸಲಹಾ ಕೇಂದ್ರದಲ್ಲಿ ಎಲ್ಲರೂ ‘ಡ್ರೈವರ್ ಮೇಷ್ಟ್ರು’ ಎಂದೇ ಕರೆಯುವ ಆ ಹಿರಿಯರ ವಿದ್ವತ್ತನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಇಲ್ಲಿ ಹೇಳಹೊರಟಿರುವುದು ಅವರ ಬೆನ್ನಿನ ವಿಷಯ.

ಮೇಷ್ಟ್ರು ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಅವರ ಬೆನ್ನ ಹಿಂದೆ ಸಂಸಾರಗಳು ಹತ್ತಿ ಇಳಿದವು. ಹತ್ತುವಾಗ ಮುಖ ಊದಿಸಿಕೊಂಡಿದ್ದ ಗಂಡಹೆಂಡಿರು, ಕಿಟಕಿಯಾಚೆ ಬಯಲು ಹಿಂದೆ ಸರಿಯತೊಡಗಿದ ಮೇಲೆ, ರಸ್ತೆಯನ್ನೇ ನೋಡುತ್ತ ತಮಗೆ ತಾವೇ ಎಂಬಂತೆ ಮಾತಿಗೆ ಇಳಿಯುತ್ತಿದ್ದುದನ್ನು ಅವರು ತಲೆಯ ಮೇಲಿನ ಕನ್ನಡಿಯಲ್ಲಿ ಕಾಣುತ್ತಿದ್ದರು. ಎದುರುಬದುರು ಕೂತು ಆಡಲಾಗದ ಮಾತು ಒಂದೇ ದಿಕ್ಕಿಗೆ ಮುಖ ಮಾಡಿ ಕೂತಾಗ ಏಕೆ ಹೊರಬರುತ್ತದೆ? ಈ ಪ್ರಶ್ನೆ ತಲೆಹೊಕ್ಕ ಮೇಲೆ ಅವರು ಡಿಪೋದ ವಿಶ್ರಾಂತಿ ಕೋಣೆಯಲ್ಲಿ, ಗೊರಕೆ ಹೊಡೆಯುವ ಸಹೋದ್ಯೋಗಿಗಳ ನಡುವೆ ಕೂತು ಓದಿದರು, ಪದವಿ ಪಡೆದರು, ಮೇಲಿನ ಪದವಿಯನ್ನೂ ಪಡೆದು ನಮ್ಮ ಕೇಂದ್ರದ ಮೆಟ್ಟಿಲು ಹತ್ತಿದರು.

ಬಂದವರೇ ಕೋಣೆಯ ದುಂಡುಮೇಜನ್ನು ಹೊರಗೆ ಹಾಕಿಸಿ, ಕುರ್ಚಿಗಳನ್ನು ಒಂದರ ಹಿಂದೊಂದು ಕಿಟಕಿಗೆ ಮುಖ ಮಾಡಿ ಇಟ್ಟರು. ಎಲ್ಲಕ್ಕೂ ಮುಂದಿನದು ತಮ್ಮದು. ಕಿಟಕಿಯ ಚೌಕಟ್ಟಿಗೆ ಒಂದು ಸಣ್ಣ ಕನ್ನಡಿ.

“ಇದೇನ್ರೀ, ಕಷ್ಟ ಹೇಳ್ಕೊಳ್ಳೋಕೆ ಬಂದೋರಿಗೆ ಬೆನ್ನು ತೋರಿಸ್ತೀರಾ?” ಎಂದು ಅಂದಿನ ನಿರ್ದೇಶಕರು ಹೌಹಾರಿದರು.

“ಡ್ರೈವರ್ ತಿರುಗಿ ನೋಡಿದ್ರೆ ಪ್ಯಾಸೆಂಜರ್ ಮಾತು ನಿಲ್ಲಿಸಿಬಿಡ್ತಾರೆ ಸಾರ್,” ಎಂದರು ಮೇಷ್ಟ್ರು.

ಕಿಟಕಿಯಾಚೆ ಬೀದಿಯಲ್ಲಿ ವಾಹನಗಳು ಎಡೆಬಿಡದೆ ಹರಿಯುತ್ತಿದ್ದುದರಿಂದ, ಸ್ವಲ್ಪ ಹೊತ್ತು ನೋಡುತ್ತ ಕುಳಿತವರಿಗೆ ಬೀದಿ ನಿಂತು ಕೋಣೆಯೇ ಮೆಲ್ಲಗೆ ಹೊರಟಂತಾಗುತ್ತಿತ್ತು. ಮಧ್ಯಾಹ್ನದ ಬಿಸಿಲು, ಮರದ ನೆರಳು ಮೊಣಕಾಲುಗಳ ಮೇಲೆ ಹಾದುಹೋಗುತ್ತಿದ್ದವು. ಯಾರ ಹಿಂದೆ ಯಾರು ಕೂರುತ್ತಾರೆ ಎಂಬುದನ್ನು ಮೇಷ್ಟ್ರು ಕುಟುಂಬಕ್ಕೇ ಬಿಡುತ್ತಿದ್ದರು. ಇವತ್ತು ಎಲ್ಲಿಗೆ ಹೊರಟಿದ್ದೇವೆಂದು ಮೊದಲೇ ಹೇಳುತ್ತಿದ್ದರು, ಬೇಡವೆಂದವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಮಾತಿಗೆ ಮಾತು ಬೆಳೆದು ಜಗಳ ಏರಿದಾಗ ಅವರ ಬಲಗಾಲು ಅವರಿಗೇ ತಿಳಿಯದೆ, ಬ್ರೇಕು ತುಳಿದಂತೆ ನೆಲವನ್ನು ಒತ್ತುತ್ತಿತ್ತು. ಕೊನೆಯಲ್ಲಿ “ಇಳಿಯೋರು ಯಾರಾದ್ರೂ ಇದ್ದೀರಾ?” ಎಂದು ಕೇಳಿದರೆ ಅಂದಿನ ಭೇಟಿ ಮುಗಿಯಿತೆಂದು ಅರ್ಥ. ಬಾಗಿಲಾಚೆ ನಿಂತು ಈ ಬ್ರೇಕಿನ ಬಗ್ಗೆ ನಕ್ಕವರು ನಾವೆಲ್ಲರೂ; ನಮ್ಮ ಕೈಲಾಗದ ಸಂಸಾರಗಳನ್ನು ಅವರ ಕೋಣೆಗೇ ಕಳಿಸಿದವರೂ ನಾವೇ.

ಆಸ್ಪತ್ರೆಯ ನೌಕರಿ ಬಿಟ್ಟು ಅವರ ಕೈಕೆಳಗೆ ಕಲಿಯಲು ಬಂದವರನ್ನು ಕೇಂದ್ರ ಇಂದಿಗೂ ‘ಸಿಸ್ಟರ್’ ಎಂದೇ ಕರೆಯುತ್ತದೆ. ಅಳುವವರನ್ನು ಕಂಡ ಕೂಡಲೇ ನಾಡಿ ಹಿಡಿಯಲು ಮುಂದಾಗುತ್ತಿದ್ದ ಸಿಸ್ಟರ್‌ಗೆ ಮೇಷ್ಟ್ರು ಕೊನೆಯ ಕುರ್ಚಿ ಕೊಟ್ಟು, “ಸುಮ್ನೆ ಕೂತ್ಕೊಳ್ಳಮ್ಮಾ, ಬಸ್ಸು ತಾನೇ ಹೋಗುತ್ತೆ,” ಎಂದಿದ್ದರು. ಆ ಕುರ್ಚಿಯಲ್ಲಿ ಕೂತು ಅವರು ಎಷ್ಟೋ ಅಪ್ಪಂದಿರು ಎಷ್ಟೋ ಮಕ್ಕಳೊಡನೆ ಮತ್ತೆ ಮಾತು ಶುರುಮಾಡಿದ್ದನ್ನು ಕಂಡರು. ತಮ್ಮ ಅಪ್ಪ ಮಾತ್ರ ತಮ್ಮೊಡನೆ ಮಾತು ಬಿಟ್ಟಿದ್ದರು.

ಅಪ್ಪ ದರ್ಜಿ, ಕೆಳಗೆ ಅಂಗಡಿ, ಮೇಲೆ ಮನೆ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳು ಇನ್ನು ಏಳುವುದಿಲ್ಲವೆಂದು ನರ್ಸಾದ ಮಗಳಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಹೆಂಡತಿ ಮನೆಗೆ ಬರುವಾಗ ತೊಡಲೆಂದು ಅವರು ಉಣ್ಣೆಯ ಕೋಟು ಹೊಲಿಯುತ್ತಿದ್ದರು. ಮಗಳಿಗೆ ಮೊದಲೇ ತಿಳಿದಿತ್ತೆಂಬುದು ಅಮ್ಮ ತೀರಿಕೊಂಡ ಮೇಲೆ ಹೊರಬಿದ್ದಾಗ, ಅಪ್ಪ ಬೈಯಲಿಲ್ಲ, ಅಳಲಿಲ್ಲ. ಮಗಳು ಬಂದರೆ ತಲೆ ಎತ್ತದೆ ಮಿಷನ್ ತುಳಿಯುತ್ತಿದ್ದರು. ಸಿಸ್ಟರ್ ಅಂಗಡಿಯ ಹೊಸ್ತಿಲಲ್ಲಿ ನಿಂತು ಹಿಂದಿರುಗುತ್ತಿದ್ದರು. ಮೇಲಿನ ಮನೆಯ ಮೆಟ್ಟಿಲು ಹತ್ತಿ ವರ್ಷಗಳೇ ಆಗಿದ್ದವು.

ಇದನ್ನು ಅವರು ಯಾರಲ್ಲೂ ಹೇಳಿಕೊಂಡಿರಲಿಲ್ಲ, ಮೇಷ್ಟ್ರ ಬೆನ್ನೊಂದನ್ನು ಬಿಟ್ಟು. ಈಗ ಅವರೇ ಒಪ್ಪಿ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬೀಳ್ಕೊಡುಗೆಗೆ ಕೋಟು ಹಾಕಲೇಬೇಕೆಂದು ನಾವೆಲ್ಲ ಹಟ ಹಿಡಿದಾಗ ಮೇಷ್ಟ್ರು ಅಳತೆ ಕೊಟ್ಟದ್ದು ಅದೇ ಅಂಗಡಿಯಲ್ಲಿ. ಕೂತಾಗ ಕೋಟಿನ ಬೆನ್ನು ಹೇಗೆ ಬೀಳುತ್ತದೆಂದು ತಮ್ಮ ಕುರ್ಚಿಯಲ್ಲೇ ನೋಡಬೇಕೆಂದು ದರ್ಜಿಯನ್ನು ಕೋಣೆಗೆ ಕರೆದರು. ಮುಚ್ಚುಮರೆ ಮಾಡಲಿಲ್ಲ. “ನಿಮ್ಮ ಹಿಂದಿನ ಕುರ್ಚಿಲಿ ನಿಮ್ಮ ಮಗಳು ಕೂರ್ತಾಳೆ. ಬೇಡ ಅಂದ್ರೆ ಈಗ್ಲೇ ಹೇಳಿಬಿಡಿ,” ಎಂದಿದ್ದರು. ದರ್ಜಿ ಸೀಮೆಸುಣ್ಣ ಹುಡುಕತೊಡಗಿದ್ದರು. ಬೇಡವೆಂದು ಹೇಳಿರಲಿಲ್ಲ.

ಹಾಗೆ ಆ ಮಧ್ಯಾಹ್ನ ಮೇಷ್ಟ್ರು ಕಚ್ಚಾ ಹೊಲಿಗೆಯ, ಒಂದೇ ತೋಳಿನ ಕೋಟು ತೊಟ್ಟು ಮುಂದೆ ಕೂತರು. ಅವರ ಹಿಂದೆ ಅಪ್ಪ, ಅಪ್ಪನ ಹಿಂದೆ ಮಗಳು. ನೆರಳುಗಳು ಹಾದುಹೋದವು. ಕೋಣೆ ಹೊರಟಿತು.

“ಎಡಗಡೆ ಭುಜ ಇಳಿದಿದೆ ಮೇಷ್ಟ್ರೇ,” ಎಂದರು ದರ್ಜಿ. ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಅದೇ ಭುಜಕ್ಕೆ ಹೇಳುವಂತೆ, “ಅವಳ ಕೋಟಿಗೆ ಕೊನೇ ಗುಂಡಿ ಹಾಕ್ತಿದ್ದೆ, ಆಗ ಫೋನ್ ಬಂತು,” ಎಂದರು. “ದಿನಾ ಬಂದು ನೋಡಿ ಹೋಗ್ತಿದ್ಲು ಇವಳು. ಹುಚ್ಚನ ಹಾಗೆ ಹೊಲೀತಾ ಕೂತಿದ್ನಲ್ಲ, ಒಂದು ಮಾತು ಹೇಳಬಾರದಿತ್ತಾ?”

ಮೇಷ್ಟ್ರ ಬಲಗಾಲು ಮೇಲೆದ್ದಿತು. ಸಿಸ್ಟರ್ ಅದನ್ನೇ ನೋಡಿದರು. ಈ ಸಲ ಅದು ನೆಲವನ್ನು ಒತ್ತಲಿಲ್ಲ.

“ಅಮ್ಮ ಆಣೆ ಹಾಕಿಸ್ಕೊಂಡಿದ್ಲು ಅಪ್ಪಾ. ‘ಅವರು ಹೊಲೀತಾ ಇರ್ಲಿ ಬಿಡು, ಸೂಜಿ ಕೆಳಗಿಟ್ರೆ ಕುಸಿದುಬಿಡ್ತಾರೆ’ ಅಂದ್ಲು.”

ಅಪ್ಪನ ನರೆತ ಹಿಂದಲೆ ಅಲುಗಲಿಲ್ಲ.

“ಅವಳಿಗೆ ಕೋಟಿನ ಬಣ್ಣ ಗೊತ್ತಿತ್ತಾ?”

“ಗೊತ್ತಿತ್ತು. ಕತ್ತರಿಸಿ ಉಳಿದ ಒಂದು ತುಂಡು ತಗೊಂಡು ಹೋಗಿ ಕೊಟ್ಟೆ. ಕೊನೇವರೆಗೂ ದಿಂಬಿನ ಕೆಳಗೆ ಇಟ್ಕೊಂಡಿದ್ಲು. ಈಗ ನನ್ನ ಹತ್ರ ಇದೆ.”

ಸಿಸ್ಟರ್‌ಗೆ ತಾವು ಚಿಕ್ಕವರಾಗಿ, ಅಪ್ಪನ ಅಂಗಿಯ ಬೆನ್ನಿಗೆ ಹಣೆಯಿಟ್ಟು ಎಲ್ಲಿಗೋ ಹೋಗುತ್ತಿರುವಂತೆ ಕಂಡಿತು. ಮೇಷ್ಟ್ರ ಮುಖಕ್ಕಾಗಿ ಕನ್ನಡಿ ನೋಡಿದರು. ಅದನ್ನು ಮೇಷ್ಟ್ರು ಯಾವಾಗಲೋ ಛಾವಣಿಯತ್ತ ತಿರುಗಿಸಿಟ್ಟಿದ್ದರು.

“ಇಳಿಯೋರು ಯಾರಾದ್ರೂ ಇದ್ದೀರಾ?” ಎಂದರು ಮೇಷ್ಟ್ರು.

ಸಿಸ್ಟರ್ ಎಂದಿನ ಅಭ್ಯಾಸದಂತೆ ಎದ್ದರು.

“ನೀನು ಇಳೀಬೇಡ,” ಎಂದರು ಅಪ್ಪ, ಬೀದಿಯನ್ನೇ ನೋಡುತ್ತ. “ಮನೆವರೆಗೂ ಬಾ.”

ಕೋಟು ಈಗ ಸಿದ್ಧವಾಗಿದೆ. ಅಪ್ಪ ಮಗಳು ಮೇಲಿನ ಮನೆಯಲ್ಲಿ ಕೂತು ಅದಕ್ಕೆ ಗುಂಡಿ ಹಾಕಿದರೆಂದು ಕೇಳಿದ್ದೇವೆ. ಅದರ ಒಳಜೇಬು ಮಾತ್ರ ಬೇರೆ ಬಣ್ಣದ ಉಣ್ಣೆಯದು. ದಿಂಬಿನ ಕೆಳಗಿದ್ದ ತುಂಡಿನಷ್ಟೇ ಅದರ ಅಗಲ.

ಇನ್ನು ಮುಂದಿನ ಕುರ್ಚಿ ಸಿಸ್ಟರ್‌ದು. ಮೇಷ್ಟ್ರು ಮನಸ್ಸು ಬಂದಾಗಲೆಲ್ಲ ಬಂದು ಕೊನೆಯ ಕುರ್ಚಿಯಲ್ಲಿ ಕೂತು ನಮಗೆ ದಾರಿ ಹೇಳುತ್ತಿರಲಿ. ಎಷ್ಟೋ ಮನೆಗಳಿಗೆ ಜನರನ್ನು ತಲುಪಿಸಿದ ಅವರು ಈ ಕೋಟು ಸವೆದು ಹರಿಯುವಷ್ಟು ಕಾಲ ಆರೋಗ್ಯದಿಂದ ಬಾಳಲಿ. ಹರಿದರೆ ಇನ್ನೊಂದನ್ನು ತಾವೇ ಹೊಲಿದು ಕೊಡುವುದಾಗಿ ದರ್ಜಿ ಹೇಳಿ ಕಳಿಸಿದ್ದಾರೆ, ಮಗಳ ಬಾಯಲ್ಲಿ.