ಬೀಗ ಹಾಕಿದ ಮನೆಯ ಜ್ವರ

ನಾನು ಸಾಂಕ್ರಾಮಿಕ ರೋಗಗಳ ಸಂಶೋಧನೆಗೆ ಸೇರಿದ್ದು ನಮ್ಮವ್ವನಿಗೆ ಇಂದಿಗೂ ಸೇರದು. ನೌಕಾಪಡೆಯ ಅಪ್ಪನ ಹಿಂದೆ ಧಾರವಾಡದಿಂದ ವಿಶಾಖಪಟ್ಟಣಕ್ಕೆ ಬಂದವಳು ಅವಳು. ಅಪ್ಪ ನಿವೃತ್ತರಾದ ಮೇಲೂ ನಾವು ಎಂವಿಪಿ ಕಾಲೋನಿಯಲ್ಲೇ ಉಳಿದೆವು, ಅವ್ವನ ಮಾತು ಮಾತ್ರ ಧಾರವಾಡ ಬಿಟ್ಟು ಬರಲಿಲ್ಲ.

“ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಮಂದಿ ಮನಿ ಬಾಗಲಾ ಬಡಕೊಂತ ತಿರಗೂದು ಅದೇನ್ ನೌಕರಿ?” ಎನ್ನುತ್ತಿದ್ದಳು.

ನಿಜ, ಬಾಗಿಲು ಬಡಿಯುವುದೇ ನನ್ನ ನೌಕರಿ. ಕಳೆದ ಮಳೆಗಾಲದಲ್ಲಿ ಡೆಂಗಿಯ ಸರ್ವೇ ನಡೆದಿತ್ತು. ಪಟ್ಟಿಯ ಮನೆಗೆ ಬೀಗವಿದ್ದರೆ ಅದರ ಬದಲು ಪಕ್ಕದ ಮನೆಯವರ ವಿವರ ಬರೆದುಕೊಳ್ಳಿ ಎಂದು ನಮಗೆ ಹೇಳಿದ್ದರು. ನಾನು ಬೆಳಿಗ್ಗೆ ಹತ್ತಕ್ಕೆ ಹೋಗುತ್ತಿದ್ದೆ. ಬೀಗ ಕಂಡಲ್ಲೆಲ್ಲ ಬಾಗಿಲು ತೆರೆದಿದ್ದ ಪಕ್ಕದ ಮನೆಯನ್ನು ಹಿಡಿದು ಫಾರಂ ತುಂಬಿದೆ. ಒಂದು ಓಣಿಯಲ್ಲಂತೂ ಜ್ವರವೇ ಸಿಗಲಿಲ್ಲ. ಸಂತೋಷಪಟ್ಟೆ, ದಡ್ಡಿ.

ನಮ್ಮ ಮನೆಯ ಪಾತ್ರೆ ತಿಕ್ಕುವ ಅಕ್ಕ ಒಂದು ದಿನ ತನ್ನ ಮಗಳು ಡೆಂಗಿಯಿಂದ ಆಸ್ಪತ್ರೆಯಲ್ಲಿದ್ದಾಳೆ ಎಂದಳು. ಮನೆ ಎಲ್ಲಿ ಎಂದು ಕೇಳಿದೆ. ಅದೇ ಓಣಿ. ಪಟ್ಟಿ ತೆಗೆದು ನೋಡಿದರೆ ಅವಳ ಮನೆ ನಂಬರಿನ ಮುಂದೆ ನನ್ನದೇ ಅಕ್ಷರದಲ್ಲಿ ‘ಬೀಗ’ ಎಂದಿತ್ತು. ನಾನು ಅವಳ ಬಾಗಿಲಲ್ಲಿ ನಿಂತಿದ್ದಾಗ ಅವಳು ನಮ್ಮ ಅಡುಗೆಮನೆಯಲ್ಲಿದ್ದಳು. ಕೆಲಸಕ್ಕೆ ಹೋಗುವವರ ಮನೆಗೆ ಹಗಲು ಬೀಗ ಬೀಳುತ್ತದೆ ಎಂದು ತಿಳಿಯಲು ನನಗೆ ಎರಡು ಪದವಿ ಸಾಲದೆ ಹೋದವು. ನಾಚಿಕೆಯಾಯಿತು. ನಾಚಿಕೆಗಿಂತ ಸಿಟ್ಟು ಹೆಚ್ಚು ಬಂತು.

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ನಮ್ಮ ಮುಖ್ಯ ಆಫೀಸಿನಲ್ಲಿ ವರದಿಗೆ ಸಹಿ ಹಾಕುವ ದಿನ, ಬೀಗದ ಮನೆಗಳನ್ನೆಲ್ಲ ಮತ್ತೆ ಕೇಳಬೇಕು ಎಂದೆ. ಮೇಲಧಿಕಾರಿ ಬಲು ಮರ್ಯಾದೆಯ ಮನುಷ್ಯ. ನಿಯಮದಂತೆಯೇ ನಡೆದಿದೆಯಲ್ಲಮ್ಮ ಎಂದರು. ನನ್ನ ಕರಾರು ಮುಂದುವರಿಸುವ ಫೈಲು ತಮ್ಮ ಮೇಜಿನ ಮೇಲೇ ಇದೆ ಎಂಬುದನ್ನೂ ಅಷ್ಟೇ ಮರ್ಯಾದೆಯಿಂದ ನೆನಪಿಸಿದರು. ಎಲ್ಲರಿಗೂ ಗೊತ್ತಿತ್ತು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು.

ನಾನು ತೆಲುಗಿನಲ್ಲೇ ಹೇಳಿದೆ: “ಬೀಗ ಹಾಕಿದ ಮನೆಗೆ ಜ್ವರ ಬರೋದಿಲ್ಲ ಅಂತ ನಾನು ಸಹಿ ಹಾಕಲ್ಲ ಸರ್.”

ಪೆನ್ನಿನ ಮುಚ್ಚಳ ಹಾಕಿ ಎದ್ದು ಬಂದೆ. ಸಂಜೆಯ ರೈಲು ಹಿಡಿದು ವಿಶಾಖಪಟ್ಟಣ ಸೇರಿದೆ.

ಮಾರನೆಯ ವಾರ ರಜೆ ಹಾಕಿ, ಹೆಂಗಸರು ಕೆಲಸಕ್ಕೆ ಹೊರಡುವ ಮೊದಲೇ, ಬೆಳಿಗ್ಗೆ ಐದೂವರೆಗೆ ಆ ಓಣಿಗೆ ಹೋದೆ. ಮೊದಲ ನಾಲ್ಕು ಬಾಗಿಲಲ್ಲೇ ಮೂರು ಕಡೆ ಜ್ವರದ ಸುದ್ದಿ. ಐದನೆಯದು ಅಕ್ಕನ ಮನೆ. ಮಗಳು ಆಸ್ಪತ್ರೆಯಿಂದ ಬಂದು ಚಾಪೆಯ ಮೇಲೆ ಮಲಗಿದ್ದಳು. ಅಕ್ಕ ಎರಡು ಪ್ರಶ್ನೆಗೆ ಉತ್ತರಿಸುವಷ್ಟರಲ್ಲಿ ಚಡಪಡಿಸಿದಳು. ತಡವಾದರೆ ಅಮ್ಮಗಾರು ಬೈಯುತ್ತಾರೆ ಎಂದಳು. ಆ ಅಮ್ಮಗಾರು ನಮ್ಮವ್ವ. ಅಲ್ಲಿಂದಲೇ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ನೌಕರಿ ಹೋಗಬಹುದು ಎಂಬುದನ್ನೂ.

ಅವ್ವ ಅಂದಳು:

“ಇವತ್ತ ಭಾಂಡಿ ನಾನ ತಿಕ್ಕತೀನಿ. ನೀ ಆಕೀದು ಪೂರ್ತಿ ಬರಕೊಂಡ ಬಾ.”