ಬಲಗಣ್ಣಿಗೆ ಒಂದು ಹನಿ

‘ಇದರಾಗ ಏನೂ ಕಾಣವಲ್ದಲ್ಲೋ ಮಾರಾಯ.’

ಹೋದ ತಿಂಗಳು ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಗೆಳೆಯ ಸಲೀಂ ನನ್ನ ಕ್ಯಾಮೆರಾ ಇಸಿದುಕೊಂಡು ಕಣ್ಣಿಗೆ ಹಚ್ಚಿಕೊಂಡವನೇ ಹೀಗಂದ. ತೆಗೆದ. ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಹಚ್ಚಿಕೊಂಡ. ಆಮೇಲೆ ನೋಡುವ ಕಿಂಡಿಯ ಪಕ್ಕದ ಸಣ್ಣ ಗಾಲಿಯ ಮೇಲೆ ಬೆರಳಿಟ್ಟ.

(ಕ್ಯಾಮೆರಾ ಹುಚ್ಚಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ. ಕನ್ನಡಕದವರು ಕನ್ನಡಕ ತೆಗೆದೂ ನೋಡುವಂತಾಗಲಿ ಅಂತ ಕಂಪನಿಯವರು ಅಲ್ಲೊಂದು ಪುಟ್ಟ ಗಾಲಿ ಇಟ್ಟಿರುತ್ತಾರೆ. ತಿರುವಿದರೆ ಕಿಂಡಿಯೊಳಗಿನ ನೋಟ ನಿಮ್ಮ ಕಣ್ಣಿಗೆ ಹೊಂದಿಕೊಳ್ಳುತ್ತದೆ. ಫೋಟೋಕ್ಕೂ ಅದಕ್ಕೂ ಸಂಬಂಧವಿಲ್ಲ.)

ನನ್ನ ಗಾಲಿ ಕಟ್ಟಕಡೆಯ ಗುರುತಿಗೆ ಬಂದು ನಿಂತಿತ್ತು. ಅದರಾಚೆ ತಿರುವಲು ಜಾಗವೇ ಇರಲಿಲ್ಲ.

ಸಲೀಂ ಬ್ಯಾಡಗಿಯಲ್ಲಿ ವಾಚು, ರೇಡಿಯೋ ರಿಪೇರಿ ಮಾಡುತ್ತಾನೆ. ಕೈಗೆ ಏನು ಸಿಕ್ಕರೂ ಮೊದಲು ಅದರ ತಿರುಪು ನೋಡುವ ಸ್ವಭಾವ. ಇದನ್ನು ಯಾರು ತಿರುವಿದರು ಅಂತ ಕೇಳಿದ. ನಾನೇ ತಿರುವಿದ್ದೆ. ಸ್ವಲ್ಪ ಮಂಜೆನಿಸಿತು, ಒಂದು ಚೂರು ತಿರುವಿದೆ. ಮತ್ತೊಂದು ಭಾನುವಾರ ಇನ್ನೊಂದು ಚೂರು. ಹೀಗೇ ವರ್ಷವಿಡೀ ನಡೆದಿತ್ತು. ಬ್ಯಾಗಿನಲ್ಲಿ ಉಜ್ಜಿ ತಾನೇ ತಿರುಗಿರಬೇಕು ಅಂತ ಸುಳ್ಳು ಹೇಳಿದೆ. ಅವನು ನನ್ನ ಮುಖ ನೋಡಿದ. ಗುಂಪಿನ ಉಳಿದವರಿಗೆ ಕೇಳಿಸದ ಹಾಗೆ ದನಿ ಇಳಿಸಿದ.

‘ಕ್ಯಾಮೆರಾಕ್ಕ ಏನೂ ಆಗಿಲ್ಲ. ನೀ ಕಣ್ಣು ತೋರಸು.’

ಸುತ್ತ ಮೆಣಸಿನಕಾಯಿ ರಾಶಿ, ನೆತ್ತಿಯ ಮೇಲೆ ಬಿಸಿಲು. ಅಂಥದರಲ್ಲಿ ನನಗೆ ಚಳಿ ಹತ್ತಿತು.

ನಮ್ಮದು ಸಂಘವಲ್ಲ. ಅಧ್ಯಕ್ಷರಿಲ್ಲ, ಬ್ಯಾನರಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಒಂದಿಷ್ಟು ಅಂಗಡಿಕಾರರು, ಮಾಸ್ತರರು ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಎಲ್ಲಾದರೂ ಸೇರುತ್ತೇವೆ. ಒಮ್ಮೆ ಐರಣಿಯ ಹೊಳೆದಂಡೆ. ಒಮ್ಮೆ ರಾಣೇಬೆನ್ನೂರಿನ ಕೃಷ್ಣಮೃಗದ ಕಾಡು. ಸುಗ್ಗಿಯಲ್ಲಂತೂ ಬ್ಯಾಡಗಿಯೇ. ತಾಸೊಪ್ಪತ್ತು ಫೋಟೋ ಹೊಡೆಯುತ್ತೇವೆ. ಆಮೇಲೆ ಮಂಡಕ್ಕಿ, ಮಿರ್ಚಿ, ಚಹಾ, ಜೊತೆಗೆ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಸಲಹೆ.

ಏನು ಸಲಹೆ ಅಂತೀರಿ? ರೀಲು ಬಿಟ್ಟು ಡಿಜಿಟಲ್‌ಗೆ ಹೋಗಬೇಕೋ, ಇನ್ನೊಂದು ವರ್ಷ ಕಾಯಬೇಕೋ. ಆರು ಮೆಗಾಪಿಕ್ಸೆಲ್ ಸಾಕೋ, ಎಂಟೇ ಬೇಕೋ. ಜೂಮ್ ಲೆನ್ಸು ಮೇಲೋ, ಫಿಕ್ಸೆಡ್ ಲೆನ್ಸು ಮೇಲೋ. ಒಂದು ಫಿಲ್ಟರ್ ಕೊಳ್ಳುವ ವಿಚಾರಕ್ಕೆ ತಿಂಗಳುಗಟ್ಟಲೆ ಜಗಳವಾಡಿದ್ದೇವೆ. ಯಾರಾದರೂ ತೊಂದರೆ ಹೇಳಿಕೊಂಡರೆ ಉಳಿದವರು ಉಪಾಯ ಹೇಳಲೇಬೇಕು, ಇದೊಂದೇ ನಮ್ಮ ನಿಯಮ. ‘ನನಗೆ ಗೊತ್ತಿಲ್ಲ’ ಅಂದವನನ್ನು ನಾನು ಈವರೆಗೆ ಕಂಡಿಲ್ಲ. (ನಾನೂ ಅಂದಿಲ್ಲ ಬಿಡಿ.)

ನಮ್ಮೆಲ್ಲರಿಗೂ ಹಿರಿಯರು ಈರಣ್ಣ. ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ. ನಾವು ಮದುವೆ ಮನೆಯ ಫೋಟೋದವರನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದ ಕಾಲಕ್ಕೇ ಸ್ವಂತ ಕ್ಯಾಮೆರಾ ಇಟ್ಟುಕೊಂಡಿದ್ದವರು. ಅವರ ಬ್ಯಾಗಿನಲ್ಲಿ ಇಲ್ಲದ್ದಿಲ್ಲ. ಬ್ರಷ್ಷು, ಗಾಳಿ ಊದುವ ರಬ್ಬರ್ ಬುಡ್ಡಿ, ಮೆತ್ತನೆಯ ಬಟ್ಟೆ, ಸೂಜಿ, ದಾರ. ಜೊತೆಗೆ ಒಂದು ಕಣ್ಣಿನ ಹನಿಯ ಬಾಟಲಿ.

ಆ ಬಾಟಲಿಯ ಕತೆ ಹೇಳಬೇಕು. ಮಾರ್ಕೆಟ್ಟಿನ ಅಂಗಳಕ್ಕೆ ಸುಗ್ಗಿಯಲ್ಲಿ ಕಾಲಿಟ್ಟವರಿಗೆ ಗೊತ್ತು, ಅಲ್ಲಿ ಗಾಳಿಯೂ ಖಾರ. ಸೀನುತ್ತಲೇ ನಡೆಯಬೇಕು, ಸೀನುತ್ತಲೇ ಫೋಕಸ್ ಮಾಡಬೇಕು. ಕೈಗೆ ಮೆತ್ತಿದ ಖಾರ ಕ್ಯಾಮೆರಾಕ್ಕೆ, ಕ್ಯಾಮೆರಾದ ಖಾರ ಬಲಗಣ್ಣಿಗೆ. ಮೂರು ಸುಗ್ಗಿಯ ಹಿಂದೆ ನಾನು ಕಣ್ಣುಜ್ಜುತ್ತ ಕೂತಿದ್ದಾಗ ಈರಣ್ಣ ಆ ಬಾಟಲಿ ಕೊಟ್ಟರು. ಒಂದು ಹನಿ ಬಿಡು, ತಂಪಾಗಿ ಹೋಗ್ತೈತಿ ಅಂದರು. ಖರೇ ಹೇಳುತ್ತೇನೆ, ತಂಪೆಂದರೆ ತಂಪು. ಹೊತ್ತು ಏರುವುದರೊಳಗೆ ಉರಿಯೂ ಇಲ್ಲ, ಕೆಂಪೂ ಇಲ್ಲ. ಮೆಡಿಕಲ್ ಅಂಗಡಿಯಲ್ಲಿ ಹೆಸರು ಹೇಳಿದರೆ ಚೀಟಿ ಕೇಳದೆ ಕೊಡುತ್ತಿದ್ದರು.

ಅಂದಿನಿಂದ ನನ್ನ ಬ್ಯಾಗಿನಲ್ಲೂ ಒಂದು ಬಾಟಲಿ. ಮೊದಮೊದಲು ಭಾನುವಾರ ಮಾತ್ರ. ಆಮೇಲೆ ಅಂಗಡಿಯ ಬಟ್ಟೆ ಧೂಳಿಗೂ ಒಂದು ಹನಿ. (ಹಾವೇರಿಯ ನನ್ನ ಬಟ್ಟೆ ಅಂಗಡಿಯ ಧೂಳನ್ನು ಈ ಅಂಕಣದಲ್ಲಿ ಬೇಕಾದಷ್ಟು ಕುಡಿದಿದ್ದೀರಿ.) ಕಡೆಗೆ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಒಂದು ಹನಿ. ತಂಪು ಮಾಡುವ ವಸ್ತುವಿನ ಮೇಲೆ ಯಾರಿಗೆ ಸಂಶಯ ಬಂದೀತು?

ಹೋದ ವರ್ಷ ಮಂಜು ಶುರುವಾಯಿತು. ಬೆಳಕಿಗೆದುರಾಗಿ ಕ್ಯಾಮೆರಾ ಹಿಡಿದರೆ ಕಿಂಡಿಯ ತುಂಬ ಹಾಲು ಚೆಲ್ಲಿದ ಹಾಗೆ. ಭಾನುವಾರ ತೊಂದರೆ ಹೇಳಿಕೊಂಡೆ. ಉಪಾಯಗಳು ಸಾಲಾಗಿ ಬಂದವು. ಲೆನ್ಸಿಗೆ ಬಿಸಿಲು ತಡೆಯುವ ಹುಡ್ ಹಾಕು ಅಂದರು, ಹಾಕಿದೆ. ಫಿಲ್ಟರ್ ತೆಗೆ ಅಂದರು, ತೆಗೆದೆ. ಲೆನ್ಸಿನೊಳಗೆ ಬೂಷ್ಟು ಹಿಡಿದಿರಬೇಕು, ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡು ಅಂದರು. ಹುಗಿದಿಟ್ಟೆ. ಹೆಂಡತಿ ಗಿರಿಜಾ ಅನ್ನಕ್ಕೆ ಅಕ್ಕಿ ತೆಗೆಯಲು ಹೋಗಿ ಲೆನ್ಸು ಹೊರಗೆಳೆದು ನನಗೆ ಸಹಸ್ರನಾಮ ಮಾಡಿದಳು. ಕೊನೆಗೆ ಲೆನ್ಸನ್ನೇ ಬದಲಿಸು ಅಂದರು, ಬದಲಿಸಿದೆ. ಹೊಸ ಲೆನ್ಸಿನಲ್ಲೂ ಅದೇ ಹಾಲು.

ಅಷ್ಟು ಮಂದಿಯಲ್ಲಿ ಯಾರೂ, ನನ್ನನ್ನೂ ಸೇರಿಸಿ, ಕಿಂಡಿಯ ಈಚೆಗಿರುವುದರ ಬಗ್ಗೆ ಯೋಚಿಸಲಿಲ್ಲ. ಸಲೀಂ ಗಾಲಿ ಮುಟ್ಟುವ ತನಕ.

ಕಣ್ಣು ತೋರಸು ಅಂದನಲ್ಲ, ತೋರಿಸಿದೆನೇ? ಎಲ್ಲಿಯದು. ಎರಡು ವಾರ ಯಾರಿಗೂ ಹೇಳದೆ ಕಳ್ಳನ ಹಾಗೆ ನನ್ನ ಕಣ್ಣನ್ನು ನಾನೇ ಪರೀಕ್ಷೆ ಮಾಡಿಕೊಂಡೆ. ಕ್ಷೌರ ಮಾಡಿಕೊಳ್ಳುವಾಗ ಎಡಗಣ್ಣು ಮುಚ್ಚಿ ಕನ್ನಡಿ ನೋಡಿದೆ. ನನ್ನ ಮುಖವಿರಬೇಕಾದಲ್ಲಿ ಹಬೆ ಹಿಡಿದ ಗಾಜು. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಎರಡೂ ಕಣ್ಣು ತೆರೆದರೆ ‘ಗುತ್ತಲ’ ಅಂತ ಬೋರ್ಡು. ಎಡಗಣ್ಣು ಮುಚ್ಚಿದರೆ ಬೋರ್ಡು ಬಿಡಿ, ಬಸ್ಸೇ ಒಂದು ಕೆಂಪು ಮುದ್ದೆ.

ಊಟ ಸೇರಲಿಲ್ಲ. ಗಿರಾಕಿ ಎದುರಿಗೆ ಥಾನು ಬಿಚ್ಚುತ್ತ ಬಿಚ್ಚುತ್ತ ಕೈ ನಿಲ್ಲುತ್ತಿತ್ತು. ಎಡಗಣ್ಣಿಗೂ ಬಂದರೆ? ನೂಲು ನೋಡಿ ಬಟ್ಟೆ ಹೇಳುವವನು ಮುಟ್ಟಿ ಮುಟ್ಟಿ ಮಾರಬೇಕೆ? ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕೇಳಬೇಡಿ. ಅವರು ಹೇಳಿಬಿಟ್ಟರೆ ನಿಜವಾಗಿಬಿಡುತ್ತದಲ್ಲ, ಅದಕ್ಕೇ.

ಸಿಕ್ಕಿಬಿದ್ದದ್ದು ಮನೆಯಲ್ಲಿ. ಗಿರಿಜಾ ಬಲಗಡೆಯಿಂದ ಚಹಾದ ಕಪ್ಪು ಚಾಚಿದ್ದಾಳೆ, ನಾನು ಸುಮ್ಮನೆ ಕೂತಿದ್ದೇನೆ. ಎಷ್ಟು ಹೊತ್ತು ಹಿಡಿದು ನಿಂತಿದ್ದಳೋ. ಅವಳು ಬಯ್ಯಲಿಲ್ಲ. ಬಯ್ಯದಿದ್ದಾಗಲೇ ನನಗೆ ಪೂರ್ತಿ ಹೆದರಿಕೆಯಾದದ್ದು. ಮರುದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು.

ಕಣ್ಣಿನ ಡಾಕ್ಟರು ಹೆಣ್ಣುಮಗಳು, ಬಹಳ ಮಾತಿಲ್ಲ. ಬೆಳಕು ಬಿಟ್ಟು ನೋಡಿದರು, ಯಂತ್ರಕ್ಕೆ ಗದ್ದ ಇಡಿಸಿ ನೋಡಿದರು. ಆಮೇಲೆ ಕಣ್ಣಿಗೆ ಏನಾದರೂ ಹಾಕುತ್ತಿದ್ದಿರಾ ಅಂತ ಕೇಳಿದರು. ಕಿಸೆಯಿಂದ ಬಾಟಲಿ ತೆಗೆದು ಕೊಟ್ಟೆ. (ಹೌದು, ಅಲ್ಲಿಗೂ ಒಯ್ದಿದ್ದೆ.) ಅವರು ಅದರ ಮೇಲಿನ ಸಣ್ಣ ಅಕ್ಷರ ಓದಿ ಮೇಜಿನ ಮೇಲಿಟ್ಟರು.

‘ಇದನ್ನ ಯಾವ ಡಾಕ್ಟರ್ ಬರದು ಕೊಟ್ರು?’

‘ಡಾಕ್ಟರ್ ಅಲ್ರಿ. ಫೋಟೋಗ್ರಾಫರ್.’

ಅವರು ನಗಲಿಲ್ಲ. ಅದು ಸ್ಟಿರಾಯ್ಡ್ ಹನಿಯಂತೆ. ಉರಿ, ಕೆಂಪು ತಕ್ಷಣ ಇಳಿಯುತ್ತದೆ, ನಿಜ. ಡಾಕ್ಟರು ಬರೆದುಕೊಟ್ಟಷ್ಟು ದಿನ ಹಾಕಿ ನಿಲ್ಲಿಸಬೇಕಾದದ್ದಂತೆ. ವರ್ಷಗಟ್ಟಲೆ ಹಾಕಿದ್ದರಿಂದ ಪೊರೆ ಬಂದಿದೆ. ಪೊರೆಗೆ ಹೆದರಬೇಕಿಲ್ಲ, ಆಪರೇಷನ್ ಮಾಡಿ ಒಳಗೊಂದು ಲೆನ್ಸು ಕೂರಿಸಬಹುದು. ಹೆದರಿಕೆ ಬೇರೆಯದು. ಕಣ್ಣಿನೊಳಗಿನ ಒತ್ತಡ ಏರಿ ಹಿಂದಿನ ನರಕ್ಕೆ ಪೆಟ್ಟಾಗಿದೆ. ನೋವಿಲ್ಲದೆ, ಸದ್ದಿಲ್ಲದೆ ಆಗುವಂಥದು.

‘ನರದಾಗ ಹೋಗಿದ್ದು ಹೋತ್ರಿ. ಅದು ತಿರುಗಿ ಬರೂದಿಲ್ಲ.’

ಎಷ್ಟು ಹೋಗಿದೆ? ಪೊರೆ ತೆಗೆದ ಮೇಲೆಯೇ ಸರಿಯಾಗಿ ಗೊತ್ತಾಗುವುದು ಅಂದರು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಹೊಸ ಲೆನ್ಸು ಹಾಕಬಹುದು, ಒಳಗಿನ ರೀಲು ಎಷ್ಟು ಸುಟ್ಟಿದೆಯೋ ತೊಳೆದ ಮೇಲೆಯೇ ತಿಳಿಯಬೇಕು.

ವಾಪಸು ಬರುವಾಗ ಬಂಕಾಪುರ ದಾಟಿದ ಮೇಲೆ ಗಿರಿಜಾ ನನ್ನ ಕಡೆ ತಿರುಗಿದಳು. ಎಡಗಣ್ಣು ಚಲೋ ಐತೇನು, ಖರೇ ಹೇಳ್ರಿ ಅಂದಳು. ಐತಿ ಅಂದೆ. ಡಾಕ್ಟರೂ ಹಾಗೇ ಹೇಳಿದ್ದರು, ಅದಕ್ಕೆ ನಾನು ಹನಿ ಬಿಟ್ಟದ್ದು ಕಡಿಮೆ. ಅವಳು ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ಹೇಳಿದೆ.

ಸುದ್ದಿ ತಿಳಿದು ಮೊನ್ನೆ ಭಾನುವಾರ ನಮ್ಮ ಗುಂಪು ಮನೆಗೇ ಬಂತು. ಮೋಸಂಬಿ ತಂದಿದ್ದರು, ಸಲಹೆಯನ್ನೂ ತಂದಿದ್ದರು. ಕಣ್ಣಿಗೆ ಕೂರಿಸುವ ಲೆನ್ಸು ಫಾರಿನ್ನಿನದೇ ಇರಲಿ ಅಂದ ಒಬ್ಬ. ಮಡಚುವ ಜಾತಿಯದು ಕೇಳು ಅಂದ ಇನ್ನೊಬ್ಬ. ಕೋಟಿಂಗ್ ಇದೆಯೋ ವಿಚಾರಿಸು, ಗ್ಯಾರಂಟಿ ಕಾರ್ಡು ಮರೆಯಬೇಡ. ಒಬ್ಬ ಮಾಸ್ತರರಂತೂ ಜೂಮ್ ಸಿಗುತ್ತದೆಯೇ ಅಂತ ಗಂಭೀರವಾಗಿ ಕೇಳಿದರು. ಬಹಳ ದಿನಗಳ ಮೇಲೆ ನಾನು ನಕ್ಕೆ. ಹನಿಯ ವಿಷಯ ಇನ್ನೂ ಯಾರಿಗೂ ಹೇಳಿರಲಿಲ್ಲ. ನಕ್ಕು ಮುಗಿಸಿ ಹೇಳೋಣ ಅಂದುಕೊಂಡೆ.

ಅಷ್ಟರಲ್ಲಿ ಈರಣ್ಣ ರಸ್ತೆಯ ಧೂಳಿಗೆ ಬಯ್ಯುತ್ತ ಬ್ಯಾಗಿನಿಂದ ಬಾಟಲಿ ತೆಗೆದರು. ಗೋಡೆಗೆ ತಲೆ ಆನಿಸಿ ಬಲಗಣ್ಣಿನ ರೆಪ್ಪೆ ಎಳೆದು ಒಂದು ಹನಿ ಬಿಟ್ಟುಕೊಂಡರು. ಹಾ ಅಂತ ಉಸಿರು ಬಿಟ್ಟು, ಲೆನ್ಸಿನ ಮಾತು ಬಿಟ್ಟಲ್ಲಿಂದ ಮುಂದುವರಿಸಿದರು.

ನಾನು ಹಾಕಿದ್ದು ಮೂರು ವರ್ಷ. ಈ ಮನುಷ್ಯ ಎಷ್ಟು ವರ್ಷದಿಂದ ಹಾಕುತ್ತಿದ್ದಾರೆ? ಹೇಳಬೇಕಿತ್ತು, ಆ ಕ್ಷಣವೇ ಹೇಳಬೇಕಿತ್ತು. ಆದರೆ ಅಷ್ಟು ದೂರದಿಂದ ನನ್ನನ್ನು ನೋಡಲು ಬಂದವರಿಗೆ, ಎಲ್ಲರ ನಡುವೆ, ನಿಮ್ಮ ಬಾಟಲಿಯಿಂದಲೇ ಹೀಗಾಯಿತು ಅಂತ ಹೇಗನ್ನುವುದು? ಗಿರಿಜಾ ಚಹಾ ತಂದಳು. ಎಲ್ಲರೂ ಕುಡಿದು ಎದ್ದುಹೋದರು.

ಒಂದು ಮಾತು ಹೇಳುತ್ತೇನೆ, ಸಿಟ್ಟಿನಿಂದಲೇ ಹೇಳುತ್ತೇನೆ. ಗಾಜಿನ ಫಿಲ್ಟರಿಗೆ ತಿಂಗಳುಗಟ್ಟಲೆ ವಿಚಾರಣೆ ಮಾಡಿದ ನಾವು, ಕಣ್ಣಿಗೆ ಬಿಡುವ ನೀರಿನ ಲೇಬಲ್ ಓದಲಿಲ್ಲ. ನೀವು ಓದುತ್ತೀರಾ? ಮೊಣಕಾಲಿಗೆ ಹಚ್ಚುವುದು, ಮಗುವಿನ ಕೆಮ್ಮಿಗೆ ಕುಡಿಸುವುದು, ಪಕ್ಕದ ಮನೆಯವರಿಗೆ ಹಿಡಿಸಿತು ಅಂತ ತಂದಿಟ್ಟದ್ದು ನಿಮ್ಮ ಕಪಾಟಿನಲ್ಲೂ ಇರಬೇಕಲ್ಲ?

ಬುಧವಾರ ನನ್ನ ಆಪರೇಷನ್. ಹೆದರಿಕೆಯಾಗುತ್ತಿದೆ, ಮುಚ್ಚಿಡುವುದೇನಿದೆ. ಪಟ್ಟಿ ಬಿಚ್ಚಿದಾಗ ಏನು ಕಂಡೀತು ಅನ್ನುವುದಕ್ಕಿಂತ ಏನೂ ಕಾಣದಿದ್ದರೆ ಅನ್ನುವುದೇ ತಲೆಯಲ್ಲಿ ಕೂತಿದೆ. ಆದರೂ ಆ ಹೆದರಿಕೆಯನ್ನು ಪಕ್ಕಕ್ಕಿಟ್ಟು ನಿನ್ನೆ ಈರಣ್ಣನ ಅಂಗಡಿಗೆ ಫೋನ್ ಮಾಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕರು. ನನಗಿಂತ ಎಷ್ಟೋ ಮೊದಲಿನಿಂದ ಹಾಕುತ್ತಿದ್ದಾರಂತೆ, ಏನೂ ಆಗಿಲ್ಲವಂತೆ. ನಿನಗ ಸಕ್ಕರೆ ಕಾಯಿಲೆ ಇರಬೇಕು, ಚೆಕ್ ಮಾಡಿಸು ಅಂತ ನನಗೇ ಇನ್ನೊಂದು ಸಲಹೆ ಕೊಟ್ಟರು.

ಅವರ ಅಂಗಡಿ ನನಗೆ ಗೊತ್ತು. ಗಲ್ಲೆಯ ಎದುರಿನ ಗೋಡೆಗೆ ದೊಡ್ಡದೊಂದು ಗಡಿಯಾರವಿದೆ, ಬೀಜದ ಕಂಪನಿಯವರು ಕೊಟ್ಟದ್ದು.

‘ಈರಣ್ಣ, ಎಡಗಣ್ಣು ಮುಚ್ಚಿಕೊಳ್ರಿ. ಎದುರಿನ ಗಡಿಯಾರ ನೋಡಿ ಟೈಮ್ ಎಷ್ಟಾತು ಹೇಳ್ರಿ.’

ಇದೇನು ಆಟ ಹಚ್ಚಿದ್ದೀ ಅಂತ ಇನ್ನೊಮ್ಮೆ ನಕ್ಕರು. ಆಮೇಲೆ ನಗು ನಿಂತಿತು. ಫೋನಿನಲ್ಲಿ ರಸ್ತೆಯ ಮೇಲೆ ಟ್ರ್ಯಾಕ್ಟರ್ ಹೋದದ್ದು ಕೇಳಿಸಿತು. ಯಾರೋ ಗಿರಾಕಿ ಗೋವಿನಜೋಳದ ಬೀಜ ಬಂತೇನ್ರಿ ಅಂದದ್ದು ಕೇಳಿಸಿತು. ನಾನು ಫೋನು ಹಿಡಿದೇ ಇದ್ದೆ.

‘ತಡಿ,’ ಅಂದರು. ‘ಲೈಟ್ ಹಚ್ಚತೇನಿ.’

ಮಟಮಟ ಮಧ್ಯಾಹ್ನ, ರಸ್ತೆಗೆ ತೆರೆದುಕೊಂಡ ಅಂಗಡಿಯಲ್ಲಿ, ಯಾವ ಲೈಟು?