ಆರ್ಕಿಡ್ ಪಾಠದ ದಿನ

ಕಾರ್ಕಳದ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸಿದ ಮೇಡಂ "ಅಲ್ವಾ?" ಎನ್ನದೆ ಯಾವ ವಾಕ್ಯವನ್ನೂ ಮುಗಿಸುತ್ತಿರಲಿಲ್ಲ. ಮದುವೆಯ ಆ್ಯಪ್‌ನಲ್ಲಿ ಪರಿಚಯವಾದ ಒಬ್ಬನನ್ನು ಭೇಟಿಯಾಗಲು ಅವರು ಕಾಪು ಲೈಟ್‌ಹೌಸ್‌ಗೆ ಹೋಗಿ ಸಂಜೆಯವರೆಗೂ ಕಾದರು. ಅವನ ಹೆಸರು, ಫೋಟೋ ಎಲ್ಲವೂ ಸುಳ್ಳು. ಸುದ್ದಿ ಕಾಲೇಜಿಗೆಲ್ಲ ಹಬ್ಬಿದ ಮೇಲೆ ಮೇಡಂ ವರಾಂಡದ ಗೋಡೆಗೆ ಒತ್ತಿಕೊಂಡು, ಯಾರ ಮುಖವನ್ನೂ ನೋಡದೆ ನಡೆಯತೊಡಗಿದರು.

ಮುಂದಿನ ಪಾಠವೇ ಆರ್ಕಿಡ್. ಮೇಡಂ ಬೋರ್ಡಿನ ಮೇಲೆ ಒಂದು ಹೂವು ಬಿಡಿಸಿದರು. "ಕೆಲವು ಹೂಗಳು ಹೆಣ್ಣು ಕಣಜದ ರೂಪ, ವಾಸನೆ ತೋರಿಸಿ ಗಂಡು ಕಣಜವನ್ನು ಕರೆಯುತ್ತವೆ, ಅಲ್ವಾ?" ಎಂದಾಗ ತರಗತಿಯೆಲ್ಲ ನಕ್ಕಿತು.

"ಒಮ್ಮೆ ಮೋಸ ಹೋದದ್ದು ಪುನಃ ಹೋಗ್ತದಾ ಮೇಡಂ?" ಎಂದು ಒಬ್ಬ ಕೇಳಿದ.

ಮೇಡಂ ಅವರ ಕಿವಿಗಳು ಕೆಂಪಾದವು. "ಹೋಗ್ತದೆ. ಇನ್ನೊಂದು ಹೂವನ್ನೂ ನಂಬಿದರೆ ಮಾತ್ರ ಪರಾಗ ತಲುಪುವುದು" ಎಂದು ಬೋರ್ಡಿನ ಮೇಲೆ ಎರಡನೆಯ ಹೂವು ಬಿಡಿಸಿದರು. ನಾವು ತಲೆಯೆತ್ತದೆ ಅದನ್ನು ಬರೆದುಕೊಂಡೆವು.